ದುಭಾಷಿಯ ದಾಕ್ಷಿಣ್ಯ

ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ನನ್ನ ಪಾಂಡಿತ್ಯ ಕುಸಿದುಬಿದ್ದದ್ದು ಹಲಸೂರಿನ ಮೈದಾನವೊಂದರ ಪಕ್ಕದ ಅಂಗಡಿಯಲ್ಲಿ, ಒಂದು ಲೋಟ ಚಹಾದ ಮುಂದೆ. ಎದುರಿಗೆ ಕೂತಿದ್ದ ಸ್ಕಾಟ್ಲೆಂಡಿನ ಹೇಮಿಶ್ ನಾಲ್ಕು ವಾಕ್ಯ ಆಡಿದರು. ನನಗೆ ತಿಳಿದದ್ದು ಸಕ್ಕರೆ ಎಂಬ ಒಂದೇ ಪದ. ಒಂದು ಕಾಲಕ್ಕೆ ತಮ್ಮ ನಾಡಿನಲ್ಲಿ ಗೋಲು ಹೊಡೆದು ಹೆಸರು ಮಾಡಿದ್ದ ಅವರು, ಮೊಣಕಾಲು ಸೋತ ಮೇಲೆ ತರಬೇತುದಾರರಾಗಿ ಊರೂರು ಅಲೆದು, ನಮ್ಮ ದಂಡಿನ, ಅಂದರೆ ಕಂಟೋನ್ಮೆಂಟಿನ, ಸಣ್ಣ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಬಂದಿದ್ದರು. ಅವರ ಉಚ್ಚಾರಣೆ ಆಟಗಾರರಿಗೆ ಅರ್ಥವಾಗದೆ, ನಿವೃತ್ತಳಾಗಿ ಸಿ.ವಿ. ರಾಮನ್ ನಗರದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಕ್ಲಬ್ಬಿನವರು ದುಭಾಷಿಯಾಗಿ ಕರೆದಿದ್ದರು.

ಎರಡು ತಿಂಗಳಲ್ಲಿ ಕಿವಿ ಪಳಗಿತು. ನಾಲಿಗೆಗೂ ಒಂದು ಚಾಳಿ ಹತ್ತಿತು: ಅವರ ಗುಡುಗನ್ನು ನಾನು ತುಂತುರು ಮಾಡಿ ಹನಿಸುತ್ತಿದ್ದೆ. ಅದನ್ನು ಸೌಜನ್ಯವೆಂದೇ ನಂಬಿದ್ದೆ.

ತಂಡದಲ್ಲಿ ನಯಾಜ್ ಎಂಬ ಹಿರಿಯ ಆಟಗಾರನಿದ್ದ. ಶಿವಾಜಿನಗರದಲ್ಲಿ ಅಣ್ಣನ ಜೊತೆ ಬಟ್ಟೆ ಅಂಗಡಿ ನೋಡಿಕೊಳ್ಳುತ್ತ, ಹದಿನಾಲ್ಕು ವರ್ಷದಿಂದ ಇದೇ ಕ್ಲಬ್ಬಿಗೆ ಗೋಲು ಹೊಡೆಯುತ್ತಿದ್ದವನು. ಒಂದು ಬೆಳಿಗ್ಗೆ ಅಭ್ಯಾಸದ ವೇಳೆ ಹೇಮಿಶ್ ಅವನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: ಇನ್ನು ನಿನ್ನನ್ನು ಆಡಿಸುವುದಿಲ್ಲ, ನಿನ್ನ ಕಾಲು ದಣಿದಿದೆ, ಆದರೆ ಆಟ ಬಲ್ಲ ಕಣ್ಣು ಚುರುಕಾಗಿದೆ, ನನ್ನ ಪಕ್ಕ ನಿಂತು ತಂಡ ಕಟ್ಟು.

ನಯಾಜ್ ನನ್ನ ಮುಖ ನೋಡಿದ. "ಏನಂತೆ ಮೇಡಂ?"

ನನಗೆ ಧೈರ್ಯ ಸಾಲಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೋಬೇಕಂತೆ ಕಣಪ್ಪ," ಎಂದೆ.

ಎರಡು ವಾರ ಅವನು ಬರಲಿಲ್ಲ. ನೊಂದಿದ್ದಾನೆ, ಬರುತ್ತಾನೆ ಎಂದು ಹೇಮಿಶ್ ಕಾದರು. ನಾನು ಬಾಯಿ ಬಿಡಲಿಲ್ಲ. ಮೂರನೆಯ ಭಾನುವಾರ, ಪಂದ್ಯದ ದಿನ, ಹೆಂಡತಿ ಮಗಳೊಂದಿಗೆ ಬಂದವನೇ ಬೂಟು ಕಟ್ಟಿ ನಿಂತ. ಆಡುವವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಹೇಮಿಶ್ ಮಾತ್ರ ಒಪ್ಪಿ ಬಂದನೆಂಬ ಸಂತೋಷದಿಂದ ಅವನನ್ನು ತಬ್ಬಿ, ಕೈಗೆ ಒಂದು ಸೀಟಿ ಇಟ್ಟರು. ಆಗ ನಾನು, ಅವನನ್ನು ಇನ್ನು ಆಡಿಸುವುದಿಲ್ಲ ಎಂಬಷ್ಟು ನಿಜವನ್ನಾದರೂ ನಯಾಜ್‌ಗೆ ಹೇಳಲೇಬೇಕಾಯಿತು.

ಅವನು ಲೇಸು ಬಿಚ್ಚುತ್ತ ಹೇಳಿದ: "ಅವತ್ತೇ ಹೇಳಿದ್ರೆ ಮನೇಲಿ ಕೂತು ಅಳ್ತಿದ್ದೆ. ಇವತ್ತು ಮಗಳ ಮುಂದೆ ಆಯ್ತಲ್ಲ ಮೇಡಂ." ಸೀಟಿಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದ.

ಹೇಮಿಶ್‌ಗೆ ತಪ್ಪೊಪ್ಪಿಕೊಂಡೆ. ಅವರು ರೇಗಲಿಲ್ಲ. ತಮ್ಮ ಆಟ ಮುಗಿದದ್ದು ತಮಗೆ ಗೊತ್ತಾದದ್ದು, ತಂಡದ ಕೋಣೆಯಲ್ಲಿ ತಾವು ಅಂಗಿ ತೂಗುಹಾಕುತ್ತಿದ್ದ ಮೊಳೆಯಲ್ಲಿ ಇನ್ನೊಬ್ಬನ ಅಂಗಿ ಕಂಡಾಗ ಎಂದರು. ಎಲ್ಲರಿಗೂ ತಿಳಿದಿತ್ತು, ಎಲ್ಲರೂ ಒಳ್ಳೆಯವರು, ಅದಕ್ಕೇ ಯಾರೂ ಹೇಳಲಿಲ್ಲ ಎಂದರು.

ಓದುಗ ಮಿತ್ರರೇ, ನೋಯಿಸಬಾರದೆಂದು ನಾವು ನುಂಗುವ ಎಷ್ಟೋ ಮಾತುಗಳಿಂದ ಕಾಪಾಡುವುದು ಯಾರನ್ನು? ಆ ಬೆಳಿಗ್ಗೆ ನಾನು ಕಾಪಾಡಿದ್ದು ನನ್ನನ್ನೇ. ಒಂದು ಕಣ್ಣೀರು ನೋಡುವ ಕಷ್ಟದಿಂದ.

ಮರುದಿನ ಸಂಜೆ ಶಿವಾಜಿನಗರದ ಬಟ್ಟೆ ಅಂಗಡಿಗೆ ಹೋದೆ. ನಯಾಜ್ ಸ್ಟೂಲು ಸರಿಸಿದ. ಹೇಮಿಶ್ ಆ ಬೆಳಿಗ್ಗೆ ಆಡಿದ ಮಾತನ್ನು, ಕಟುವಾದದ್ದನ್ನೂ ಬಿಡದೆ, ಮೊದಲಿಂದ ಕೊನೆಯವರೆಗೆ ಹೇಳಿದೆ. ಅಳೆಯುತ್ತಿದ್ದ ಬಟ್ಟೆ ಅವನ ಕೈಯಲ್ಲೇ ಉಳಿಯಿತು.

"ಪಕ್ಕ ನಿಂತ್ಕೋ ಅಂದ್ರಾ? ನಿಮ್ದೇನೂ ಸೇರಿಸಿಲ್ವಲ್ಲ?"

"ಒಂದಕ್ಷರಾನೂ ಇಲ್ಲ."

ನಯಾಜ್ ಬಟ್ಟೆಯನ್ನು ಮಡಿಸಿಟ್ಟ. ಆಮೇಲೆ ಅಣ್ಣನ ಕಡೆ ತಿರುಗಿ, ನಾಳೆಯಿಂದ ಬೆಳಿಗ್ಗೆ ಅಂಗಡಿ ನೀನೇ ತೆರೆಯಬೇಕು, ನಾನು ಬರುವುದು ತಡವಾಗುತ್ತದೆ ಎಂದು ದಖ್ಖನಿ ಉರ್ದುವಿನಲ್ಲಿ ಹೇಳಿದ.