ಯಾರೋ ನೆನೆಸಿಕೊಂಡ ದಿನದ ಕಡಲೆಕಾಯಿ

ಮಧುಗಿರಿಯ ನಮ್ಮ ಬೀದಿಯಲ್ಲಿ ಒಬ್ಬರು ವಿಜ್ಞಾನಿ ಇದ್ದರು. ಕಡಲೆಕಾಯಿ ಗಿಡ ಬಿಸಿಲನ್ನು ಹೇಗೆ ತಡೆದುಕೊಳ್ಳುತ್ತದೆಂದು ಅದರ ಜೀನುಗಳಲ್ಲಿ ಹುಡುಕಿ, ಪ್ರಬಂಧಗಳನ್ನು ಬರೆದು, ನಿವೃತ್ತರಾಗಿ ಊರಿಗೆ ಮರಳಿದ್ದರು. ದೂರದ ಸಂಶೋಧಕರು ಯಾರಾದರೂ ತಮ್ಮ ಬರಹದಲ್ಲಿ ಇವರ ಪ್ರಬಂಧವನ್ನು ಉಲ್ಲೇಖಿಸಿದರೆ ಫೋನಿಗೆ ಸುದ್ದಿ ಬರುತ್ತಿತ್ತು. ಆ ದಿನ ಪಾವಗಡದ ಕಡಲೆಕಾಯಿಗೆ ಉಪ್ಪು ಹಾಕಿ ಬೇಯಿಸಿ, ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಮನೆಮನೆಗೆ ಬರುತ್ತಿದ್ದರು.

“ಯಾರೋ ನನ್ನ ನೆನೆಸ್ಕೊಂಡವ್ರೆ ಕಣಮ್ಮ. ಬಿಕ್ಕಳಿಕೆ ಬರೋ ಬದ್ಲು ಮೆಸೇಜು ಬಂತು!”

ಉಲ್ಲೇಖದ ಬೆಲೆ ನಮಗೆ ತಿಳಿದದ್ದು ಹೀಗೆ, ಹೊಟ್ಟೆಯ ಮೂಲಕ.

ಒಂದು ಸಂಜೆ ಅವರ ಮನೆಯಲ್ಲಿ ನೀರು ಕಾಯಿಸುವ ಹಂಡೆಯಲ್ಲೇ ಕಡಲೆಕಾಯಿ ಬೇಯುತ್ತಿತ್ತು. ಪ್ರಶಸ್ತಿ ಬಂದಿರಬೇಕೆಂದು ಬೀದಿಯವರೆಲ್ಲ ಓಡಿದೆವು.

“ಬ್ರೆಜಿಲ್ ದೇಶದೋರು ನಾನು ಹೇಳಿದ್ದು ತಪ್ಪು ಅಂತ ಬರ್ದವ್ರೆ. ಸರಿಯಾಗೇ ಬರ್ದವ್ರೆ,” ಎಂದರು. ಕಣ್ಣುಗಳು ಹೊಳೆಯುತ್ತಿದ್ದವು. “ಬೇರೇರು ಒಂದು ಸಾಲು ನೆನೆಸ್ಕೊಂಡು ಮುಂದಕ್ಕೋಯ್ತಾರೆ. ಇವ್ರು ಪೂರ್ತಿ ಓದವ್ರೆ ಕಣಮ್ಮ, ಒಂದಕ್ಷರ ಬುಟ್ಟಿಲ್ಲ!”

ಎದುರುಮನೆಯ ಕುರಿ ಕಾಯುವ ಅಜ್ಜಿ ಸಿಪ್ಪೆ ಬಿಡಿಸುತ್ತಲೇ ಅಂದಿತು:

“ಅಂಗಾದ್ರೆ ಇನ್ನೊಂದು ತಪ್ಪು ಬರ್ದಾಕ್ಬುಡು ತಾಯಿ. ಕಳ್ಳೇಕಾಯಿ ಬಲು ಸಂದಾಗಿ ಬೆಂದೈತೆ.”