ಅರವತ್ತು ಕುರಿ, ಎಂಟು ಕಂಬ

ಬೆಳಿಗ್ಗೆ ಏಳೂಕಾಲಿಗೆ ಚಿತ್ರದುರ್ಗದಿಂದ ಹೊಳಲ್ಕೆರೆ ಬಸ್ಸು ಹೊರಟಾಗ ನನ್ನ ಕೈಚೀಲದಲ್ಲಿ ಅಳತೆ ಟೇಪು, ಕ್ಯಾಲ್ಕುಲೇಟರು, ಒಂದು ಪೊಟ್ಟಣ ಮಂಡಕ್ಕಿ ಇದ್ದವು. ಉಕ್ಕಿನ ಕಂಬ ಎಷ್ಟು ಭಾರ ಹೊರುತ್ತದೆ ಎಂಬ ಲೆಕ್ಕವನ್ನು ಇಪ್ಪತ್ತೆರಡು ವರ್ಷದಿಂದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಿದ್ದೇನೆ. ಆದರೆ ನಮ್ಮಲ್ಲೊಂದು ಕಂಬವಿದೆ, ಬಂದು ನೋಡಿ ಎಂದು ಅದುವರೆಗೆ ಯಾರೂ ಕರೆದಿರಲಿಲ್ಲ. ಕೊನೆಗೆ ಕರೆದವನು ಕಾಲೇಜಿನ ಅಟೆಂಡರ್ ತಿಪ್ಪೇಶಿ. ರಾಮಗಿರಿ ಹತ್ತಿರದ ಹಳ್ಳಿಯಲ್ಲಿ ಅವನ ಅಕ್ಕ ಈರಮ್ಮ ಕುರಿಗಳಿಗೆ ಎತ್ತರದ ಶೆಡ್ಡು ಕಟ್ಟಿಸಿದ್ದರು. ಅಂದು ಶ್ರಾವಣ ಸೋಮವಾರ, ಹನ್ನೊಂದು ಗಂಟೆಗೆ ಕುರಿಗಳ ಗೃಹಪ್ರವೇಶ.

"ಗಾಳಿ ಬಂದ್ರೆ ಶೆಡ್ಡು ತೂಗ್ತೈತೆ ಮೇಡಂ. ಅಕ್ಕ ನೋಡಿದ್ರೆ, ತೊಟ್ಲು ಇದ್ದಂಗೈತೆ, ಕುರಿಗೆ ಒಳ್ಳೆ ನಿದ್ದೆ ಬರ್ತೈತೆ ಅಂತಾಳೆ" ಎಂದ ತಿಪ್ಪೇಶಿ.

ಹೆಂಗಸೆಂದು ನನಗೆ ಸೊನ್ನೆಯ ಟಿಕೆಟು. ಅವನು ತನ್ನ ಟಿಕೆಟಿಗೆ ದುಡ್ಡು ಕೊಟ್ಟು, "ನಿಮ್ ಫೀಜೂ ಅಷ್ಟೇ ಅಲ್ವಾ ಮೇಡಂ?" ಎಂದು ಖಾತ್ರಿ ಮಾಡಿಕೊಂಡ. ದಾರಿಯುದ್ದಕ್ಕೂ ಗುಡ್ಡದ ಮೇಲಿನ ಗಾಳಿಯಂತ್ರಗಳು ಭರ್ರನೆ ತಿರುಗುತ್ತಿದ್ದವು. ಬೇರೆ ದಿನವಾದರೆ ಚೆಂದ ಎನ್ನುತ್ತಿದ್ದೆ. ಅಂದು ಮಂಡಕ್ಕಿ ಪೊಟ್ಟಣ ಬಿಚ್ಚದೆ, ಈ ಗಾಳಿಗೆ ಶೆಡ್ಡು ಎಷ್ಟು ತೂಗುತ್ತಿದೆಯೋ ಎಂದು ಲೆಕ್ಕ ಹಾಕುತ್ತ ಕುಳಿತೆ.

ಹೊಳಲ್ಕೆರೆಯಲ್ಲಿ ಇಡ್ಲಿ ತಿಂದು, ಅಲ್ಲಿಂದ ಆಟೋದಲ್ಲಿ ಹಳ್ಳಿ ಮುಟ್ಟಿದಾಗ ಒಂಬತ್ತೂವರೆ. ಶೆಡ್ಡು ದೂರದಿಂದಲೇ ಕಂಡಿತು. ಎರಡಿಂಚು ದಪ್ಪವೂ ಇಲ್ಲದ ಎಂಟು ಪೈಪುಗಳ ಮೇಲೆ, ಹನ್ನೆರಡು ಅಡಿ ಎತ್ತರದಲ್ಲಿ ಹಲಗೆಯ ನೆಲ, ಅದಕ್ಕೊಂದು ತಗಡಿನ ಮಾಡು, ಹತ್ತಲು ಉದ್ದನೆಯ ಇಳಿಜಾರು. ಪೈಪಿನಿಂದ ಪೈಪಿಗೆ ಒಂದು ಅಡ್ಡಪಟ್ಟಿಯೂ ಇರಲಿಲ್ಲ. ನಾನು ಒಂದು ಪೈಪಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದೆ. ಇಡೀ ಶೆಡ್ಡು ತೊನೆಯಿತು.

"ಯಾರ್ಲೇ ಅದು ಅಲ್ಲಾಡ್ಸೋದು?" ಎಂದು ಮೇಲಿನಿಂದ ಕೂಗು ಬಂತು. ತೋರಣ ಕಟ್ಟುತ್ತಿದ್ದ ಈರಮ್ಮ ಇಣುಕಿ, ನನ್ನನ್ನು ಕಂಡು ದನಿ ಇಳಿಸಿದರು. "ಓ, ಮೇಡಮ್ಮೋರಾ? ಬರ್ರಿ, ಕುಂತ್ಕಳ್ರಿ."

ಇಷ್ಟು ಎತ್ತರ ಯಾಕೆ ಎಂದು ಕೇಳಿದೆ. "ಕುರಿ ಮ್ಯಾಲೆ, ಟ್ರ್ಯಾಕ್ಟರ್ ಕೆಳಗೆ. ಜಾಗ ಉಳೀತು ನೋಡ್ರಿ" ಎಂದರು. ಹಲಗೆಯ ಸಂದಿಯಿಂದ ಹಿಕ್ಕೆಯೆಲ್ಲ ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆಂಬುದು ಯಾರಿಗೂ ಹೊಳೆದಿರಲಿಲ್ಲ.

ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆ. ಇಂಥ ಒಂದು ಪೈಪು ನಾನೂರು ಕೆಜಿ ದಾಟಿದರೆ ಬಾಗುತ್ತದೆ. ಎಂಟಕ್ಕೆ ಮೂರು ಸಾವಿರದ ಇನ್ನೂರು. ಶೆಡ್ಡಿನದೇ ಭಾರ ಸಾವಿರದ ಇನ್ನೂರು. ಕುರಿಗಳ ತೂಕ ಈರಮ್ಮನವರಿಗೆ ಬಾಯಿಪಾಠ: ಅರವತ್ತು ಕುರಿ, ಸರಾಸರಿ ಮೂವತ್ತೈದು ಕೆಜಿ. ಕೂಡಿದರೆ ಮೂರು ಸಾವಿರದ ಮುನ್ನೂರು.

"ಇವತ್ತು ಕುರಿ ಹತ್ತಿಸಬೇಡಿ" ಎಂದೆ.

"ಅಂಗಡಿಯೋನು ಒಂದ್ ಪೈಪು ಹತ್ತು ಟನ್ ತಡೀತೈತೆ, ಆನೆ ಕಟ್ರಿ ಅಂದವ್ನೆ! ನೆಂಟ್ರೆಲ್ಲಾ ಬಂದವ್ರೆ. ಏನ್ ಹೇಳ್ಲಿ ಅವ್ರಿಗೆ?"

ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಗೇಣುದ್ದದ ತುಂಡಾದರೆ ಆ ಪೈಪು ಹತ್ತು ಟನ್ ಹೊರುತ್ತದೆ. ಉದ್ದವಾದಷ್ಟೂ ಅದು ಜಜ್ಜಿಹೋಗುವ ಮೊದಲೇ ಬಾಗಿಬಿಡುತ್ತದೆ. ಇದನ್ನು ತೋರಿಸಲು ಪೊರಕೆಯಿಂದ ಎರಡು ಕಡ್ಡಿ ಎಳೆದೆ. ಉದ್ದದ ಕಡ್ಡಿಯನ್ನು ಈರಮ್ಮ ಅಂಗೈಯಿಂದ ಒತ್ತಿದರು, ಬಿಲ್ಲಾಯಿತು. ಗಿಡ್ಡ ತುಂಡನ್ನು ಒತ್ತಿದರು. "ಅಯ್ಯಯ್ಯೋ, ಚುಚ್ತು!" ಮತ್ತೆ ಉದ್ದದ ಕಡ್ಡಿ ಕೊಟ್ಟು, ಅದರ ನಡುವನ್ನು ನಾನು ಎರಡು ಬೆರಳಲ್ಲಿ ಹಿಡಿದೆ. ಈ ಸಲ ಬೇಗ ಬಾಗಲಿಲ್ಲ. "ನಡು ಹಿಡಿದರೆ ಶಕ್ತಿ ನಾಲ್ಕರಷ್ಟು" ಎಂದೆ. ನೆಂಟರೂ ಒಬ್ಬೊಬ್ಬರಾಗಿ ಕಡ್ಡಿ ಎಳೆದು ಒತ್ತಿ ನೋಡತೊಡಗಿದರು. ಹತ್ತು ನಿಮಿಷದಲ್ಲಿ ಪೊರಕೆ ಬೋಳಾಯಿತು.

ಅಷ್ಟರಲ್ಲಿ, ಪೂಜೆಗೆಂದು ಮೇಲಿನ ಗೋದಲಿಯಲ್ಲಿಟ್ಟಿದ್ದ ಹಸಿ ಜೋಳದ ಸೊಪ್ಪಿನ ವಾಸನೆ ಹಿಡಿದು ಟಗರೊಂದು ಇಳಿಜಾರು ಹತ್ತಿತು. ಟಗರು ಹೋದ ಮೇಲೆ ಕುರಿಗಳು ನಿಲ್ಲುತ್ತವೆಯೇ? ನಾವು ತಿರುಗಿ ನೋಡುವಷ್ಟರಲ್ಲಿ ಮೂವತ್ತರ ಮೇಲೆ ಹತ್ತಿಯಾಗಿತ್ತು, ಎಲ್ಲವೂ ಗೋದಲಿಯ ಬದಿಗೇ ಒತ್ತಾಗಿ. ಆ ಬದಿಯ ನಾಲ್ಕು ಪೈಪುಗಳು ಕಣ್ಣಿಗೆ ಕಾಣುವಂತೆ ಹೊಟ್ಟೆ ಬಿಟ್ಟುಕೊಂಡು ಬಾಗಿದವು. "ಎಲ್ಲರೂ ದೂರ ಹೋಗ್ರಿ!" ಎಂದು ಕಿರುಚಿದೆ. ತಿಪ್ಪೇಶಿ ಇಳಿಜಾರಿನ ಬುಡದಲ್ಲಿ ಕೈ ಚಾಚಿ ನಿಂತು ಉಳಿದ ಕುರಿಗಳನ್ನು ತಡೆದ.

ಈರಮ್ಮ ಕಿರುಚಲಿಲ್ಲ. ಮೊರದ ತುಂಬ ಶೇಂಗಾ ಹಿಂಡಿ ತಂದು, ದೂರದಲ್ಲಿ ನಿಂತು ಅಲ್ಲಾಡಿಸುತ್ತ "ಬ್ರ್ರ್ ಬಾ, ಬ್ರ್ರ್ ಬಾ" ಎಂದರು. ಟಗರು ಯೋಚಿಸಿತು, ಇಳಿಯಿತು. ಹಿಂದೆಯೇ ಉಳಿದವೂ ಇಳಿದವು. ಭಾರ ತಗ್ಗಿದಂತೆ ಪೈಪುಗಳು ಒಂದೊಂದಾಗಿ ನೆಟ್ಟಗಾದವು. ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರು ನಡೆದಿತ್ತು. ನಾನು ಚಪ್ಪಾಳೆ ತಟ್ಟಿದೆನಂತೆ. ತಿಪ್ಪೇಶಿ ಇಂದಿಗೂ ಹೇಳುತ್ತಾನೆ.

ರಾಮಗಿರಿಯಿಂದ ವೆಲ್ಡಿಂಗ್‌ನವರು ಬಂದರು. ಕಂಬಗಳ ನಡು ಎತ್ತರಕ್ಕೆ ಅಡ್ಡಪಟ್ಟಿ, ಮೂಲೆಯಿಂದ ಮೂಲೆಗೆ ಕತ್ತರಿಪಟ್ಟಿ ಬಡಿಯಬೇಕು ಎಂದೆ. ಹಾಗೆ ಮಾಡಿದರೆ ಟ್ರ್ಯಾಕ್ಟರು ಒಳಗೆ ಬರುವುದಿಲ್ಲ ಎಂದು ತಿಪ್ಪೇಶಿ ರಾಗ ಎಳೆದ. "ಟ್ರ್ಯಾಕ್ಟರ್ ಏನ್ ಮರಿ ಹಾಕ್ತೈತೇನ್ಲೇ? ತಗಿ ಆಚೆಗೆ!" ಎಂದರು ಈರಮ್ಮ. ವೆಲ್ಡಿಂಗ್ ನಡೆಯುವಾಗ ನೆಂಟರು ಮುದ್ದೆ, ಹುರುಳಿ ಸಾರು ಉಂಡು ಬೇವಿನ ಮರದ ಕೆಳಗೆ ಮಲಗಿದರು. ಮುಹೂರ್ತ ನಾಲ್ಕು ಗಂಟೆಗೆ ಹೋಯಿತು.

ಈಗ ಒಂದೊಂದು ಪೈಪೂ ಒಂದೂವರೆ ಟನ್ ನಿರಾತಂಕವಾಗಿ ಹೊರುತ್ತದೆ ಎಂದೆ. ಈರಮ್ಮ ನನ್ನ ಮುಖವನ್ನೇ ನೋಡಿದರು.

"ಲೆಕ್ಕ ನಿಮ್ದು. ಮೊದ್ಲು ನೀವು ಹತ್ರಿ."

ನೆಂಟರೆಲ್ಲ ಎದ್ದು ಕೂತರು. ನನ್ನ ಲೆಕ್ಕದ ಮೇಲೆ ನಾನೇ ಯಾವತ್ತೂ ನಿಂತವಳಲ್ಲ. ಸೆರಗು ಸಿಕ್ಕಿಸಿ ಹತ್ತಿದೆ. ನನ್ನ ಹಿಂದೆ ಹತ್ತತ್ತರಂತೆ ಕುರಿಗಳನ್ನು ಬಿಟ್ಟರು. ಮೂವತ್ತು, ನಲವತ್ತು. ಐವತ್ತಾದಾಗ ಒಂದು ಕುರಿ ನನ್ನ ಕಾಲ ಮೇಲೆ ನಿಂತಿತು. ಅರವತ್ತೂ ಆದವು. ಜೋರು ಗಾಳಿ ಬೀಸಿತು. ನಾನು ಕಣ್ಣು ಮುಚ್ಚಿದೆ. ನೆಲ ಮಿಸುಕಲಿಲ್ಲ. ಕಣ್ಣು ಬಿಟ್ಟಾಗ ಈರಮ್ಮನೂ ಹತ್ತಿ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು.

ತಿಪ್ಪೇಶಿ ಅಕ್ಕನ ಮನೆಯಲ್ಲೇ ಉಳಿದ. ಸಂಜೆ ಹೊಳಲ್ಕೆರೆಯಿಂದ ಬಸ್ಸು ತುಂಬಿತ್ತು. ಆದರೂ ಮೂರು ಜನರ ಸೀಟಿನಲ್ಲಿ ನಾನೊಬ್ಬಳೇ. ಕುಳಿತವರೆಲ್ಲ ಮೂಗು ಮುಚ್ಚಿಕೊಂಡು ಎದ್ದುಹೋದರು. ಕೊನೆಗೆ ಒಬ್ಬಳು ಮುದುಕಿ ಮಾತ್ರ ಪಕ್ಕದಲ್ಲಿ ಆರಾಮಾಗಿ ಕುಳಿತು, ನನ್ನ ಸೀರೆಯನ್ನು ಮೂಸಿ ಕೇಳಿದಳು: "ಎಷ್ಟು ಕುರಿ ಅವಮ್ಮ ನಿಮ್ವು?"

"ಅರವತ್ತಜ್ಜಿ" ಎಂದೆ.

"ಎಲ್ಲ ಚೆನ್ನಾಗವಾ?"

"ಎಲ್ಲಾ ಮೇಲೇ ಅವೆ."