ರೈಲು ದಾರಿಗೆ ಸಿಕ್ಕಿದ ಅಪ್ಪನ ಸಮಾಧಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಲು ಶುರುಮಾಡಿದ್ದರೆ ನಾನು ಟವೆಲ್ ಕೊಡವಿಕೊಂಡು ಎದ್ದು ಹೋಗುತ್ತಿದ್ದೆ. ದೆವ್ವ, ಗಾಳಿ, ಪವಾಡ ಯಾವುದನ್ನೂ ನಂಬಿದವನಲ್ಲ ನಾನು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗುದ್ದಲಿ ಹಿಡಿದೆ. ಬಿಳಿಗೆರೆಯಿಂದ ಟಿ. ನರಸೀಪುರದವರೆಗೆ ಬಾವಿ ತೋಡಿದ್ದೇನೆ, ಮನೆಗಳಿಗೆ ಪಾಯ ತೆಗೆದಿದ್ದೇನೆ, ಆಮೇಲೆ ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಮಣ್ಣು ಹೊಡೆದಿದ್ದೇನೆ. ಒಮ್ಮೆ ಅಗೆದು ಮುಚ್ಚಿದ ನೆಲ ಯಾವುದು, ಯಾರೂ ಮುಟ್ಟದ ನೆಲ ಯಾವುದು ಅಂತ ಗುದ್ದಲಿ ಬಿದ್ದ ಕೂಡಲೇ ನನ್ನ ಕೈಗೆ ಗೊತ್ತಾಗುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ನಮ್ಮ ಅಪ್ಪ ತೀರಿಕೊಂಡದ್ದು ತೊಂಬತ್ತರ ದಶಕದ ಮೊದಲಲ್ಲಿ. ನಾವು ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲಿ ಗುಂಡಿ ತೆಗೆದು, ಗುಂಡಿಯ ಒಂದು ಮಗ್ಗುಲಿಗೆ ಗೂಡು ಕೊರೆದು, ಅದರೊಳಗೆ ಕುಳ್ಳಿರಿಸುತ್ತೇವೆ. ಅಪ್ಪನ ಗುಂಡಿ ತೋಡಿದ್ದು ನಾನೇ. ಒಳಗೆ ಇಳಿದು ಅವರನ್ನು ಕೂರಿಸಿ, ಎಡಗೈಯಲ್ಲಿ ಅವರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಲಿಂಗ ಇಟ್ಟು, ಬೆರಳುಗಳನ್ನು ಮಡಿಸಿದವನೂ ನಾನೇ. ಗೂಡಿನ ಬಾಯಿಗೆ ಒಂದು ಚಪ್ಪಡಿ ನಿಲ್ಲಿಸಿ ಮಣ್ಣು ಎಳೆದೆವು. ನೆಲದ ಮೇಲೆ ಗುರುತಿಗೆ ಇನ್ನೊಂದು ಚಪ್ಪಡಿ. ಅವ್ವ ಸೋಮವಾರ ಸೋಮವಾರ ಅಲ್ಲಿ ದೀಪ ಹಚ್ಚುತ್ತಿದ್ದಳು. ಅದರ ಪಕ್ಕದ ಜಾಗಕ್ಕೆ ನೇಗಿಲು ತಾಗಲು ಬಿಡುತ್ತಿರಲಿಲ್ಲ. "ಅದು ನನ್ ಜಾಗ ಕಣ್ಲಾ. ಜೋಳ ಗೀಳ ಬಿತ್ತೀಯ ಉಸಾರು" ಅನ್ನುತ್ತಿದ್ದಳು.

ಹತ್ತು ಹನ್ನೆರಡು ವರ್ಷದ ಮೇಲೆ ಮೈಸೂರಿನಿಂದ ಚಾಮರಾಜನಗರದ ಕಡೆಗೆ ಹೋಗುವ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕುವ ಕೆಲಸ ಶುರುವಾಯಿತು. ಹಳೆಯ ಗಾಡಿ ಎಷ್ಟು ನಿಧಾನವೆಂದರೆ ತಾಂಡ್ಯದ ಫ್ಯಾಕ್ಟರಿಗೆ ಹೋಗುವ ಹುಡುಗರು ಸೈಕಲ್ಲಿನಲ್ಲಿ ಅದರ ಜೊತೆ ಪಂದ್ಯ ಕಟ್ಟುತ್ತಿದ್ದರು. ಹೊಸ ಗಾಡಿ ಜೋರಾಗಿ ಓಡಬೇಕಾದರೆ ತಿರುವು ಇರಬಾರದಂತೆ. ನಮ್ಮ ಹೊಲದ ಹತ್ತಿರವಿದ್ದ ತಿರುವನ್ನು ನೇರ ಮಾಡಿದರು. ಇಂಜಿನಿಯರು ನೆಟ್ಟ ಗೂಟಗಳ ಸಾಲು ಅಪ್ಪನ ಚಪ್ಪಡಿಯ ಮೇಲೇ ಹಾದುಹೋಯಿತು.

ಅವ್ವ ಅಳಲಿಲ್ಲ, ಜಗಳ ಮಾಡಲಿಲ್ಲ. "ರೈಲು ಬರ್ಲಿ ಬುಡು. ಅವ್ರುನ್ನ ಎತ್ತಿ ಮೇಗಲ್ ಹೊಲಕ್ಕೆ ಕೂರ್ಸು. ಪಕ್ಕದಲ್ಲಿ ನಂಗೂ ಜಾಗ ಇರ್ಲಿ" ಅಂದಳು. ಅಷ್ಟೇ ಅವಳ ಬೇಡಿಕೆ. ಮಣ್ಣು ತುಂಬುವ ಕೆಲಸಕ್ಕೆ ನನ್ನ ಟ್ರ್ಯಾಕ್ಟರೂ ಹೋಗುತ್ತಿತ್ತು. ಆ ಕಡೆಗೆ ಮಣ್ಣು ಬೀಳುವ ಮೊದಲು ಮುಗಿಸಬೇಕು ಅಂತ ಒಂದು ಬೆಳಿಗ್ಗೆ ಹೊರಟೆವು. ನಾನು, ಚಿಕ್ಕಪ್ಪ, ಅವ್ವ, ನಮ್ಮ ಮನೆಯ ಕಾರ್ಯಗಳನ್ನು ಮಾಡಿಸುವ ಅಯ್ಯನವರು. ಮೇಲುಗಡೆ ಇದ್ದ ನಮ್ಮ ಮೇಗಲ ಹೊಲದಲ್ಲಿ ಹೊಸ ಗುಂಡಿಯನ್ನು ಗೂಡು ಸಮೇತ ಮೊದಲೇ ತಯಾರು ಮಾಡಿದ್ದೆ.

ಅಯ್ಯನವರು ಪೂಜೆ ಮಾಡಿದರು. ಮೇಲಿನ ಚಪ್ಪಡಿ ಸರಿಸಿದೆ. ಅದರ ಮೇಲೆ ಅವ್ವನ ದೀಪದ ಎಣ್ಣೆ ಕಪ್ಪಗೆ ಹೆಪ್ಪುಗಟ್ಟಿತ್ತು. ಗುದ್ದಲಿ ಹಾಕಿದೆ. ಎರಡನೇ ಏಟಿಗೇ ಕೈ ನಿಂತಿತು.

"ಯಾಕ್ಲಾ?" ಅಂದರು ಚಿಕ್ಕಪ್ಪ.

ನಾನು ಅಗೆಯುತ್ತಾ ಹೋದೆ. ಕಪ್ಪು ಮಣ್ಣು ಮುಗಿದು ಸುಣ್ಣಕಲ್ಲು ಬೆರೆತ ಗಟ್ಟಿ ನೆಲ ಬಂತು. ಪದರ ಪದರವಾಗಿ ಹಾಗೇ ಇತ್ತು. ಅಗೆದು ಮುಚ್ಚಿದ ಗುಂಡಿಯಲ್ಲಿ ಎರಡು ಮಣ್ಣೂ ಕಲಸಿಹೋಗಿರಬೇಕು. ಇಲ್ಲಿ ಯಾರೂ ಯಾವತ್ತೂ ತೋಡಿರಲೇ ಇಲ್ಲ. ಎದೆಯುದ್ದ ಇಳಿದೆ, ಆಳುದ್ದ ಇಳಿದೆ. ಗೂಡಿಲ್ಲ. ಇಬ್ಬರು ಎತ್ತಿ ತಂದಿದ್ದ ಒಳಗಿನ ಚಪ್ಪಡಿ ಇಲ್ಲ. ಮೂಳೆ ಕರಗಿತು ಅಂತಲೇ ಇಟ್ಟುಕೊಳ್ಳಿ, ಕಲ್ಲಿನ ಲಿಂಗ ಕರಗುತ್ತದೆಯೇ?

"ಊರೋರ್ ಬಾವಿಯೆಲ್ಲ ತೋಡ್ದೆ, ನಿಮ್ಮಪ್ಪನ್ನ ತೋಡಕ್ಕಾಗ್ನಿಲ್ವೇನ್ಲಾ?" ಅಂತ ಚಿಕ್ಕಪ್ಪ ನಗಲು ನೋಡಿದರು. ಆಮೇಲೆ ಅವರೇ ಗುಂಡಿಗೆ ಇಳಿದು, ಗೋಡೆಯನ್ನು ಸವರಿ ನೋಡಿ, ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದರು.

"ಜಾಗ ಇದೇ ಅಲ್ವಾ ಬುದ್ಧಿ?" ಅಂತ ಅಯ್ಯನವರನ್ನು ಕೇಳಿದೆ.

"ಇದೇ ಕಣಪ್ಪ. ಇಲ್ಲೇ ನಿಂತ್ಕೊಂಡು ನಾನು ಪತ್ರೆ ಹಾಕಿದ್ದು" ಅಂದರು.

ರೈಲು ಕೆಲಸದ ಜೆಸಿಬಿಯವನನ್ನು ಕರೆದು ಸುತ್ತ ಇದ್ದ ನೆಲವನ್ನೆಲ್ಲ ತೆಗೆಸಿದೆ. ಅವ್ವ ತನಗೆ ಅಂತ ಕಾಯ್ದುಕೊಂಡಿದ್ದ ಜಾಗವನ್ನೂ ತೆಗೆಸಿದೆ. ಎಲ್ಲೆಲ್ಲೂ ಅದೇ ಮುಟ್ಟದ ನೆಲ.

ಅವ್ವ ಬದುವಿನ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. "ನೀನೇ ಅಲ್ವಾ ಮಗ ಕೂರ್ಸಿದ್ದು?"

"ಊಂ ಕಣವ್ವ."

"ಎದ್ದೋಗೋ ಜೀವ ಅಲ್ಲ ಅದು. ಊಟಕ್ ಏಳಿ ಅಂದ್ರೂ ಏಳ್ತಿರ್ನಿಲ್ಲ" ಅಂದಳು. ಅವಳ ದನಿಯಲ್ಲಿ ದುಃಖವೂ ಇರಲಿಲ್ಲ, ಭಯವೂ ಇರಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಕೊಟ್ಟಾಗ ದವಡೆ ಮರಗಟ್ಟುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು.

ಸಮಾಧಿಗೆ ಅಂತ ತೋಡಿದ ಗುಂಡಿಯನ್ನು ಬರಿದಾಗಿ ಬಿಡುವ ಹಾಗಿಲ್ಲ. ಮೇಗಲ ಹೊಲದ ಗೂಡಿನಲ್ಲಿ ಅಯ್ಯನವರು ಒಂದು ವಿಭೂತಿ ಗಟ್ಟಿ ಇಟ್ಟು, ಮಂತ್ರ ಹೇಳಿ ಮುಚ್ಚಿಸಿದರು. ಮಾರನೇ ದಿನ ನಾನು ಕೆಲಸಕ್ಕೆ ಹೋದೆ. ಹಳೆಯ ಜಾಗಕ್ಕೆ ನನ್ನ ಟ್ರ್ಯಾಕ್ಟರಿನಿಂದಲೇ ಮಣ್ಣು ಸುರಿದೆ, ಉಳಿದ ಕಡೆ ಸುರಿದ ಹಾಗೆಯೇ.

ಕೇಳಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರೋ ಕದ್ದರು ಅಂದರು. ಕದ್ದವರು ಗುಂಡಿ ಮುಚ್ಚಬಹುದು, ಸುಣ್ಣಕಲ್ಲಿನ ಪದರ ಹೆಣೆಯಲು ಯಾರಿಗಾದರೂ ಬರುತ್ತದೆಯೇ? ನೀನು ಜಾಗ ಮರೆತಿದ್ದೀಯ ಅಂದರು. ನಾನು ಮರೆತೆ ಅಂತಲೇ ಆಗಲಿ, ಚಪ್ಪಡಿ ಮರೆಯುತ್ತದೆಯೇ? ನನ್ನ ಬೆರಳುಗಳಿಗೆ ಅಪ್ಪನ ಬೆರಳು ಮಡಿಸಿದ ನೆನಪು ಇವತ್ತಿಗೂ ಇದೆ. ಆ ನೆಲ ಮುಟ್ಟದ ನೆಲ ಎನ್ನುವುದೂ ಇದೇ ಕೈಗೆ ಗೊತ್ತು. ಯಾವುದು ಸುಳ್ಳು ಅಂತ ನಾನು ಹೇಳಲಾರೆ.

ಹೊಸ ಗಾಡಿ ಓಡಲು ಶುರುವಾದ ಮೇಲೆ ಅವ್ವ ತೀರಿಕೊಂಡಳು. ಅವಳು ಹೇಳಿದ ಹಾಗೆಯೇ ಮೇಗಲ ಹೊಲದಲ್ಲಿ, ವಿಭೂತಿ ಗಟ್ಟಿ ಇಟ್ಟ ಗೂಡಿನ ಪಕ್ಕದಲ್ಲಿ ಕೂರಿಸಿದೆ. ಬಂದವರೆಲ್ಲ ಗಂಡ ಹೆಂಡತಿ ಒಟ್ಟಿಗೆ ಸೇರಿದರು ಅಂದರು. ನಾನು ತಲೆಯಾಡಿಸಿದೆ. ಅವ್ವ ಅಲ್ಲಿ ಒಬ್ಬಳೇ ಕುಳಿತಿದ್ದಾಳೆ. ಅಪ್ಪ ಎಲ್ಲಿ ಕುಳಿತಿದ್ದಾರೋ ನನಗೆ ಗೊತ್ತಿಲ್ಲ.